ಪ್ಲಾನ್ ಕ್ಯೂಎಗೆ ಫಿಲ್ಮ್, ಪೋರ್ಟಲ್, ಅರೇ: ಮೂರನ್ನೂ ಬಳಸಿ ನೋಡಿದ ಮೇಲೆ

ಕ್ಯಾನ್ಸರಿನ ಐಎಂಆರ್‌ಟಿ, ಅಂದರೆ ಕಿರಣದ ತೀವ್ರತೆಯನ್ನು ಜಾಗಕ್ಕೆ ತಕ್ಕಂತೆ ಬದಲಿಸುವ ವಿಕಿರಣ ಚಿಕಿತ್ಸೆ ಆರಂಭವಾಗುವ ಮೊದಲು, ಕಂಪ್ಯೂಟರ್ ಲೆಕ್ಕ ಹಾಕಿದ ಡೋಸನ್ನೇ ಯಂತ್ರ ನಿಜವಾಗಿ ಕೊಡುತ್ತದೆಯೇ ಎಂದು ಅಳೆದು ನೋಡುವುದು ನಮ್ಮಂಥ ಮೆಡಿಕಲ್ ಫಿಸಿಸಿಸ್ಟರ ಕೆಲಸ; ಇದನ್ನೇ ಪ್ಲಾನ್ ಕ್ಯೂಎ ಎನ್ನುವುದು. ಬೆಂಗಳೂರಿನ ನಮ್ಮ ಆಸ್ಪತ್ರೆಯಲ್ಲಿ ಲಿನಾಕ್ (ವಿಕಿರಣ ಕೊಡುವ ಯಂತ್ರ) ಒಂದೇ, ನಾವು ಇಬ್ಬರು. ಕೊನೆಯ ರೋಗಿ ಹೊರಟ ಮೇಲೆ, ಅಂದರೆ ರಾತ್ರಿ ಎಂಟರ ನಂತರವೇ ಈ ಅಳತೆಗೆ ಯಂತ್ರ ನಮ್ಮ ಕೈಗೆ ಸಿಗುತ್ತದೆ. ಫಿಲ್ಮ್, ಲಿನಾಕ್‌ನದೇ ಪೋರ್ಟಲ್ ಇಮೇಜರ್ (ಕಿರಣದ ಚಿತ್ರ ಹಿಡಿಯುವ ಫಲಕ), ಅಯಾನ್ ಚೇಂಬರ್‌ಗಳ (ವಿಕಿರಣ ಬಿದ್ದಾಗ ವಿದ್ಯುದಾವೇಶ ಕೊಡುವ ಗಾಳಿಗೂಡುಗಳ) ಸಾಲುಗಳಿರುವ ಅರೇ, ಈ ಮೂರನ್ನೂ ಬಳಸಿ ನೋಡಿ ಕೊನೆಗೆ ಅರೇ ಕೊಂಡೆವು. ಮೊದಲ ವಾರ ಅದು ಕೊಟ್ಟ ಕಾಟವನ್ನು ಲೆಕ್ಕಕ್ಕೆ ಹಿಡಿದರೂ ಕೊಂಡದ್ದಕ್ಕೆ ಬೇಸರವಿಲ್ಲ.

ಸಣ್ಣ ಸಣ್ಣ ವಿವರ ತೋರಿಸುವುದರಲ್ಲಿ ರೇಡಿಯೋಕ್ರೋಮಿಕ್ ಫಿಲ್ಮನ್ನು, ಅಂದರೆ ವಿಕಿರಣ ಬಿದ್ದಲ್ಲಿ ಬಣ್ಣ ಬದಲಾಗುವ ಫಿಲ್ಮನ್ನು, ಈ ಮೂರರಲ್ಲಿ ಮೀರಿಸುವುದು ಯಾವುದೂ ಇಲ್ಲ. ಆದರೆ ಅದರ ಬಣ್ಣ ನೆಲೆಗೊಳ್ಳಲು ಸುಮಾರು ಒಂದು ದಿನ ಕಾಯಬೇಕು. ಸ್ಕ್ಯಾನರಿನ ಮೇಲೆ ಅಡ್ಡ ಇಟ್ಟರೆ ಒಂದು ಅಂಕಿ, ಉದ್ದ ಇಟ್ಟರೆ ಇನ್ನೊಂದು ಬರುವುದರಿಂದ ಪ್ರತಿ ತುಂಡಿನ ಮೂಲೆಯಲ್ಲೂ ಗುರುತು ಹಾಕಿಕೊಳ್ಳಬೇಕು.

ಪೋರ್ಟಲ್ ಅತಿ ವೇಗದ್ದು, ಹೊರುವುದು ಹೂಡುವುದು ಏನೂ ಇಲ್ಲ. ಆದರೆ ಯಂತ್ರಕ್ಕೇ ಜೋಡಿಸಿದ ಫಲಕದಿಂದ ಅದೇ ಯಂತ್ರವನ್ನು ಅಳೆಯುವುದೆಂದರೆ ನನಗೆ ಸಮಾಧಾನವಿಲ್ಲ; ತನ್ನ ಬೆನ್ನು ತನಗೆ ಕಾಣದು.

ಇನ್ನು ಅರೇಯ ಕಾಟ. ನಮ್ಮದರಲ್ಲಿ ಒಂದೊಂದು ಸೆಂಟಿಮೀಟರ್ ಅಂತರದಲ್ಲಿ 729 ಚೇಂಬರ್‌ಗಳಿವೆ. ಅವುಗಳೊಳಗಿನ ಗಾಳಿಗೆ ಹೊರಗಿನ ಗಾಳಿಯ ಸಂಪರ್ಕವಿರುತ್ತದೆ. ಒತ್ತಡ ಇಳಿದರೆ ಗಾಳಿಯ ಅಣುಗಳು ಕಡಿಮೆಯಾಗಿ ಸಿಗುವ ವಿದ್ಯುದಾವೇಶವೂ ಇಳಿಯುತ್ತದೆ. ಆದ್ದರಿಂದ 20 ಡಿಗ್ರಿ, 1013 ಹೆಕ್ಟೋಪಾಸ್ಕಲ್‌ಗೆ ಹೋಲಿಸಿ ಅಳತೆಯನ್ನು ತಿದ್ದಿಕೊಳ್ಳಬೇಕು. ಅರೇ ಹೂಡಲು ಬಂದಿದ್ದ ಎಂಜಿನಿಯರ್ ತಮ್ಮ ಮೊಬೈಲಿನ ಹವಾಮಾನ ಆ್ಯಪ್ ನೋಡಿ ಒತ್ತಡದ ಖಾನೆಯಲ್ಲಿ 1013 ಎಂದು ತುಂಬಿದರು. ನಾವು ಪಕ್ಕದಲ್ಲೇ ನಿಂತು ತಲೆಯಾಡಿಸಿದೆವು.

ಆ ರಾತ್ರಿ 200 ಸೆಂಟಿಗ್ರೇ (ಡೋಸಿನ ಮಾನ) ಬರಬೇಕಾದಲ್ಲಿ 180 ಬಂತು. ಅಮೆರಿಕದ ಮೆಡಿಕಲ್ ಫಿಸಿಸಿಸ್ಟರ ಸಂಘ ಎಎಪಿಎಂನ 2018ರ ಟಿಜಿ-218 ವರದಿಯ ಪ್ರಕಾರ, ಲೆಕ್ಕದ ಡೋಸನ್ನೂ ಅಳೆದ ಡೋಸನ್ನೂ ಬಿಂದು ಬಿಂದುವಾಗಿ ಹೋಲಿಸುವ ಗಾಮಾ ಪರೀಕ್ಷೆಯಲ್ಲಿ, ಡೋಸಿನಲ್ಲಿ ಶೇ 3 ಮತ್ತು ದೂರದಲ್ಲಿ 2 ಮಿ.ಮೀ. ಮಾನದಂಡಕ್ಕೆ ಶೇ 95ರಷ್ಟು ಬಿಂದುಗಳು ಪಾಸಾಗಬೇಕು. ನಮ್ಮ ಪರದೆಯ ತುಂಬ ಪಾಸಾಗದ ಬಿಂದುಗಳ ಕೆಂಪು. ಸಾಪೇಕ್ಷ ಡೋಸಿಗೆ ಬದಲಿಸಿದರೆ ಎಲ್ಲವೂ ಹಸಿರಾಗುತ್ತದೆಂದು ಎಂಜಿನಿಯರ್ ಸೂಚಿಸಿದರು. ಹಸಿರೇನೋ ಆಗುತ್ತಿತ್ತು, ಏಕೆಂದರೆ ಆಗ ಆಕಾರವನ್ನಷ್ಟೇ ಹೋಲಿಸಲಾಗುತ್ತದೆ, ಪ್ರಮಾಣದ ತಪ್ಪು ಮುಚ್ಚಿಹೋಗುತ್ತದೆ. ಅರೇಯನ್ನು ನಂಬಿ ಲಿನಾಕ್‌ನ ಔಟ್‌ಪುಟ್, ಅಂದರೆ ಅದು ಕೊಡುವ ಡೋಸಿನ ಪ್ರಮಾಣ, ಏರಿಸಿದ್ದರಂತೂ ಪ್ರತಿ ರೋಗಿಗೂ ಶೇ 11ರಷ್ಟು ಹೆಚ್ಚು ಡೋಸ್ ಹೋಗುತ್ತಿತ್ತು. ಅದೇ ಬೆಳಿಗ್ಗೆ ನೀರಿನ ಫ್ಯಾಂಟಮಿನಲ್ಲಿ (ದೇಹದ ಬದಲಿಗೆ ಇಡುವ ನೀರಿನ ತೊಟ್ಟಿಯಲ್ಲಿ) ಫಾರ್ಮರ್ ಎಂಬ ಒಂಟಿ ಅಯಾನ್ ಚೇಂಬರ್ ಇಟ್ಟು ಅಳೆದಾಗ ಔಟ್‌ಪುಟ್‌ನ ವ್ಯತ್ಯಾಸ ಶೇ 1ರೊಳಗಿದ್ದುದರಿಂದ ಯಂತ್ರದ ಮೇಲೆ ಅನುಮಾನ ಬರಲಿಲ್ಲ.

ಕಾರಣ ಹೊಳೆದದ್ದು ಯಂತ್ರ ನಡೆಸುವ ಕನ್ಸೋಲ್ ಕೋಣೆಯ ಗೋಡೆಯ ಮೇಲಿನ ಬಾರೋಮೀಟರ್ ಕಣ್ಣಿಗೆ ಬಿದ್ದಾಗ: ಅದರ ಮುಳ್ಳು 912ರಲ್ಲಿತ್ತು. ಹವಾಮಾನ ಆ್ಯಪ್‌ಗಳು ತೋರಿಸುವುದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡವನ್ನು. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. 22 ಡಿಗ್ರಿಯ ಕೋಣೆಯಲ್ಲಿ ತಿದ್ದುಪಡಿ ಗುಣಾಂಕ 1.12 ಆಗಬೇಕಿದ್ದು, ಆ ಖಾನೆಯಿಂದಾಗಿ 1.007 ಆಗಿತ್ತು. ಮಂಗಳೂರಿನಲ್ಲಾಗಿದ್ದರೆ ಇದೇ ತಪ್ಪು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಅಂಕಿ ತಿದ್ದಿ ಅದೇ ಪ್ಲಾನನ್ನು ಮತ್ತೆ ಅಳೆದೆವು, ಪಾಸಾಯಿತು. ಮನೆ ಸೇರಿದಾಗ ಹನ್ನೊಂದೂವರೆ.

ಫಿಲ್ಮಿಗಾಗಲಿ ಪೋರ್ಟಲಿಗಾಗಲಿ ಈ ರಗಳೆಯೇ ಇಲ್ಲ ಎಂಬುದನ್ನು ಒಪ್ಪಲೇಬೇಕು. ಆದರೂ ವಾರಕ್ಕೆ ಹತ್ತು ಹನ್ನೆರಡು ಪ್ಲಾನುಗಳಿರುವಾಗ ಫಲಿತಾಂಶ ಅದೇ ರಾತ್ರಿ, ಯಂತ್ರಕ್ಕೆ ಸಂಬಂಧವಿಲ್ಲದ ಉಪಕರಣದಿಂದ ಸಿಗುವುದು ನನಗೆ ಮುಖ್ಯ. ಒಮ್ಮೆ ಕೊಂಡರೆ ಮತ್ತೆ ಮತ್ತೆ ಇಂಡೆಂಟ್ ಹಾಕುವ ತಾಪತ್ರಯವೂ ಇಲ್ಲ. ಫಿಲ್ಮ್ ಪೆಟ್ಟಿಗೆಗೆ ಪ್ರತಿ ಬಾರಿಯೂ ಖರೀದಿ ವಿಭಾಗದ ಮುಂದೆ ನಿಲ್ಲಬೇಕಾಗಿತ್ತು. ಮಿದುಳಿನ ಸಣ್ಣ ಗಡ್ಡೆಗಳ ಪ್ಲಾನಿನಲ್ಲಿ ಒಂದು ಸೆಂಟಿಮೀಟರ್ ಅಂತರ ಸಾಲದಾದ್ದರಿಂದ ಅವುಗಳಿಗೆಂದೇ ಒಂದು ಫಿಲ್ಮ್ ಪೆಟ್ಟಿಗೆಯನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದೇವೆ, ಅಂಥ ರೋಗಿಗಳ ಚಿಕಿತ್ಸೆಯ ದಿನವನ್ನು ಒಂದು ದಿನ ಮುಂದಕ್ಕೇ ಬರೆದುಕೊಳ್ಳುತ್ತೇವೆ.