ಆಟದ ಬಗ್ಗೆ ಚೆನ್ನಾಗಿ ಮಾತಾಡುತ್ತಾರೆ ಅಂತ ಕ್ಯಾಸೆಟ್ ಕೊಳ್ಳಬೇಡಿ

ಗೇಮ್ ಬಾಯ್ ಅಂದರೆ ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ. ಅದರ ಹಳೆಯ ಕ್ಯಾಸೆಟ್ ಕೊಳ್ಳುವ ಯೋಚನೆ ಇದ್ದರೆ, ಇದನ್ನು ಓದಿ ಆಮೇಲೆ ದುಡ್ಡು ಕಳಿಸಿ. ನಾನು 5,500 ರೂಪಾಯಿ ಕೊಟ್ಟು ಪೊಕೆಮಾನ್ ಎಮರಾಲ್ಡ್ ಅನ್ನೋ ಆಟದ ನಕಲಿ ಕ್ಯಾಸೆಟ್ ತಗೊಂಡೆ. ದುಡ್ಡು ಹೋಗಿದ್ದು ಬೇಜಾರೇ. ಆದರೆ ಅದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಬೇರೆ. ನನ್ನ ಒಂಬತ್ತು ವರ್ಷದ ಮಗಳು ಐದು ತಿಂಗಳು ಕೂತು ಆಡಿದ ಆಟ ಒಂದು ಬೆಳಿಗ್ಗೆ ಪೂರ್ತಿ ಅಳಿಸಿಹೋಗಿತ್ತು.

ಕಾರ್ಟ್ರಿಡ್ಜ್ ಅನ್ನಬೇಕೇನೋ. ತೊಂಬತ್ತರ ದಶಕದಲ್ಲಿ ನಮ್ಮ ಮನೆಯಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರದ ನಕಲು ಟಿವಿ ಗೇಮ್ ಇತ್ತು. ಅದಕ್ಕೆ ಹಾಕುವುದನ್ನು ಬೀದಿಯ ಮಕ್ಕಳೆಲ್ಲ ಕ್ಯಾಸೆಟ್ ಅಂತಲೇ ಕರೆಯುತ್ತಿದ್ದೆವು. ಕಾಂಟ್ರಾ, ಮಾರಿಯೋ, ಟ್ಯಾಂಕ್ ಗೇಮ್. ನನ್ನ ಬಾಯಲ್ಲಿ ಇವತ್ತಿಗೂ ಅದೇ ಮಾತು ಬರುತ್ತದೆ, ಹಾಗೇ ಬರೆಯುತ್ತೇನೆ.

ಹೋದ ವರ್ಷ ಬೆಂಗಳೂರಿನಲ್ಲಿ ಗೆಳೆಯನ ಮನೆಯಲ್ಲಿ ಒಂದು ಭಾನುವಾರ ಆರೇಳು ಜನ ಸೇರಿದ್ದೆವು. ಎಲ್ಲರಿಗೂ ಹಳೆಯ ಗೇಮ್‌ಗಳ ಹುಚ್ಚು. ಯಾವ ಕನ್ಸೋಲ್ ಇಷ್ಟ, ಯಾವ ಥರದ ಆಟ ಇಷ್ಟ, ಯಾವುದರಲ್ಲಿ ಪಳಗಿದ್ದೀರಿ ಅಂತ ಒಬ್ಬೊಬ್ಬರೇ ಹೇಳಿಕೊಂಡೆವು. ನಾನು ಗೇಮ್ ಬಾಯ್ ಅಡ್ವಾನ್ಸ್ ಅಂದೆ, ರೋಲ್ ಪ್ಲೇಯಿಂಗ್ ಆಟಗಳು ಅಂದೆ. ಅಲ್ಲಿದ್ದ ಒಬ್ಬರು ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಕನ್ಸೋಲ್ ಬಗ್ಗೆ ಶುರು ಮಾಡಿದರು ನೋಡಿ, ಎರಡು ಗಂಟೆ ಯಾರೂ ಎದ್ದಿಲ್ಲ. 1990ರ ನವೆಂಬರ್‌ನಲ್ಲಿ ಅದು ಜಪಾನಿನಲ್ಲಿ ಬಿಡುಗಡೆಯಾದದ್ದು, ಒಂದೇ ಚಪ್ಪಟೆ ಚಿತ್ರವನ್ನು ತಿರುಗಿಸಿ ಓರೆಮಾಡಿ ನೆಲದ ಹಾಗೆ ಕಾಣಿಸುವ ಮೋಡ್ 7, 1995ರ ಕ್ರೋನೋ ಟ್ರಿಗರ್ ಆಟದ ಬೇರೆ ಬೇರೆ ಮುಕ್ತಾಯಗಳು. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಕೊನೆಗೆ ಅವರು "ನನ್ನ ಹತ್ರ ಎಮರಾಲ್ಡ್ ಇದೆ, ಒರಿಜಿನಲ್ಲು" ಅಂದಾಗ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆಯೂ ಏಳಲಿಲ್ಲ. ಆಟ ಗೊತ್ತಿದ್ದವರಿಗೆ ಕ್ಯಾಸೆಟ್ಟೂ ಗೊತ್ತಿರುತ್ತದೆ, ಗೊತ್ತಿದ್ದವರು ಮೋಸ ಮಾಡುವುದಿಲ್ಲ ಅಂದುಕೊಂಡೆ. ನಾನು ತಪ್ಪಿದ್ದು ಅಲ್ಲೇ.

ಮೈಸೂರಿಗೆ ಬಂದು ಅವತ್ತು ರಾತ್ರಿಯೇ ಹಾಕಿದೆ. ಒಳಗಿನ ಬ್ಯಾಟರಿ ಮುಗಿದಿದೆ, ಆಟ ಆಡಬಹುದು, ಆದರೆ ಗಡಿಯಾರಕ್ಕೆ ಸಂಬಂಧಿಸಿದ್ದು ನಡೆಯುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಬಂತು. ಮಾರಿದವರಿಗೆ ಫೋನ್ ಮಾಡಿದೆ. "ಸಾರ್, 2005ರ ಕ್ಯಾಸೆಟ್ ಅದು. ಬ್ಯಾಟರಿ ಸತ್ತೇ ಸತ್ತಿರುತ್ತೆ. ಆ ಮೆಸೇಜ್ ಬಂತು ಅಂದ್ರೆ ಒರಿಜಿನಲ್ ಅಂತಾನೇ ಅರ್ಥ" ಅಂದರು.

ಈ ಮಾತಿನಲ್ಲಿ ಅರ್ಧ ನಿಜ ಇದೆ, ಅದಕ್ಕೇ ನಂಬಿಬಿಟ್ಟೆ. ಅಸಲಿ ಎಮರಾಲ್ಡ್‌ನಲ್ಲಿ ಸಿಆರ್1616 ಅನ್ನೋ ಸಣ್ಣ ಬಟನ್ ಸೆಲ್ ಇರುತ್ತದೆ. ಅದು ಗಡಿಯಾರಕ್ಕೆ ಮಾತ್ರ. ಇಷ್ಟು ವರ್ಷಕ್ಕೆ ಅದು ಮುಗಿದಿರುವುದು ಸಹಜ, ಆಗ ಇದೇ ಮೆಸೇಜ್ ಬರುತ್ತದೆ. ಆದರೆ ಎಷ್ಟೋ ನಕಲಿಗಳಲ್ಲಿ ಗಡಿಯಾರವೇ ಇರುವುದಿಲ್ಲ. ಅವುಗಳಲ್ಲೂ ಇದೇ ಮೆಸೇಜ್ ಬರುತ್ತದೆ! ಅಂದರೆ ಆ ಮೆಸೇಜಿನಿಂದ ಅಸಲಿ ನಕಲಿ ಹೇಳೋಕೆ ಆಗುವುದಿಲ್ಲ.

ಗಡಿಯಾರ ನಡೆಯದಿದ್ದರೆ ಈ ಆಟದಲ್ಲಿ ಬೆರ್ರಿ ಗಿಡಗಳು ಬೆಳೆಯುವುದಿಲ್ಲ. ಮಗಳು ದಿನಾ ಸಂಜೆ ಅವಕ್ಕೆ ನೀರು ಹಾಕುತ್ತಿದ್ದಳು. "ಅಪ್ಪಾ, ಇನ್ನೂ ಮೊಳಕೆ ಬಂದಿಲ್ಲ" ಅನ್ನುತ್ತಿದ್ದಳು. ಬ್ಯಾಟರಿ ಹಾಕಿಸೋಣ ಪುಟ್ಟಿ, ಆಮೇಲೆ ಬರುತ್ತೆ ಅನ್ನುತ್ತಿದ್ದೆ. ಉಳಿದದ್ದೆಲ್ಲ ಸರಿಯಾಗೇ ಇತ್ತು. ಅವಳು ಆರಿಸಿಕೊಂಡ ಮಡ್‌ಕಿಪ್ ಅನ್ನೋ ಪೊಕೆಮಾನ್ ಬೆಳೆದು ಸ್ವಾಂಪರ್ಟ್ ಆಯಿತು. ಎಂಟು ಬ್ಯಾಡ್ಜೂ ಗೆದ್ದಳು. ರೇಕ್ವಾಝಾ ಅನ್ನೋ ಪೊಕೆಮಾನನ್ನು ಹಿಡಿದ ದಿನ ಅಜ್ಜಿಯನ್ನು ಕೂರಿಸಿಕೊಂಡು ತೋರಿಸಿದ್ದಳು.

ಐದನೇ ತಿಂಗಳಲ್ಲಿ ಒಂದು ಶನಿವಾರ ಬೆಳಿಗ್ಗೆ ಆನ್ ಮಾಡಿದಳು. ನ್ಯೂ ಗೇಮ್ ಅಂತ ಬಂತು. ಕಂಟಿನ್ಯೂ ಇರಲೇ ಇಲ್ಲ. ಆಫ್ ಮಾಡಿ, ತೆಗೆದು, ಒರೆಸಿ, ಮತ್ತೆ ಹಾಕಿದೆವು. ಇಲ್ಲ. ಅವಳು ಜೋರಾಗಿ ಅಳಲಿಲ್ಲ. ಸುಮ್ನೆ ಕೊಟ್ಟು ಒಳಗೆ ಹೋದಳು.

ನಮ್ಮ ರಸ್ತೆಯ ಮೊಬೈಲ್ ರಿಪೇರಿ ಹುಡುಗನ ಹತ್ತಿರ ಒಯ್ದೆ. ಈ ಕ್ಯಾಸೆಟ್ಟಿನ ಸ್ಕ್ರೂಗೆ ಮೂರು ಗೆರೆಯ ತಲೆ, ಅದಕ್ಕೆ ಬೇರೆಯೇ ಸ್ಕ್ರೂಡ್ರೈವರ್ ಬೇಕು. ಅವನ ಹತ್ತಿರ ಇತ್ತು. ಬಿಚ್ಚಿದರೆ ಒಳಗೆ ಚಿಪ್ ಇರಬೇಕಾದ ಕಡೆ ಕಪ್ಪು ಅಂಟಿನ ಗುಡ್ಡೆ. ಪಕ್ಕದಲ್ಲಿ ಒಂದು ಬಟನ್ ಸೆಲ್. ಮೂರು ವೋಲ್ಟ್ ಇರಬೇಕಾದದ್ದು ಮೀಟರಿನಲ್ಲಿ ಒಂದು ವೋಲ್ಟೂ ತೋರಿಸಲಿಲ್ಲ.

ಅಸಲಿ ಎಮರಾಲ್ಡ್‌ನಲ್ಲಿ ಸೇವ್, ಅಂದರೆ ಆಟ ಎಲ್ಲಿವರೆಗೆ ಬಂತು ಅನ್ನೋ ದಾಖಲೆ, ಉಳಿಯುವುದು ಫ್ಲ್ಯಾಶ್ ಮೆಮೊರಿಯಲ್ಲಿ. ಅದಕ್ಕೆ ಕರೆಂಟ್ ಬೇಡ. ಬ್ಯಾಟರಿ ಸತ್ತು ಹತ್ತು ವರ್ಷ ಆದರೂ ಸೇವ್ ಇರುತ್ತದೆ, ಗಿಡ ಬೆಳೆಯುವುದಿಲ್ಲ ಅಷ್ಟೇ. ನನಗೆ ಸಿಕ್ಕಿದ ನಕಲಿಯಲ್ಲಿ ಅಗ್ಗದ ಮೆಮೊರಿ ಹಾಕಿ, ಸೇವ್ ಹಿಡಿದಿಡುವ ಕೆಲಸವನ್ನು ಆ ಸೆಲ್‌ಗೆ ವಹಿಸಿದ್ದರು. ಸೆಲ್ ಸತ್ತ ದಿನ ಎಲ್ಲವೂ ಹೋಯಿತು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದಕ್ಕೂ ಹಳೆಯ ಪೊಕೆಮಾನ್ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಅಸಲಿಯೂ ಹೀಗೇ, ಬ್ಯಾಟರಿ ಸತ್ತರೆ ಸೇವ್ ಹೋಗುತ್ತದೆ. ಹಾಗಾಗಿ ಅವುಗಳಲ್ಲಿ ಸೇವ್ ಹೋದರೆ ತಕ್ಷಣ ಮಾರಿದವರ ಮೇಲೆ ರೇಗಬೇಡಿ.

ಈಗ ನಾನು ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್ ಹೇಗೆ ನೋಡುತ್ತೇನೆ ಅಂತ ಹೇಳುತ್ತೇನೆ. ಮೊದಲು ಕ್ಯಾಸೆಟ್ಟಿನ ಕೆಳಗೆ, ಚಿನ್ನದ ಬಣ್ಣದ ಪಿನ್ನುಗಳ ಸ್ವಲ್ಪ ಮೇಲೆ ನೋಡಿ. ಅಸಲಿ ಬೋರ್ಡಿನಲ್ಲಿ ಅಲ್ಲಿ ನಿಂಟೆಂಡೊ ಅಂತ ಅಚ್ಚಾಗಿರುತ್ತದೆ, ಬಿಚ್ಚದೆಯೇ ಕಾಣುತ್ತದೆ. ನನ್ನದರಲ್ಲಿ ಇರಲಿಲ್ಲ. ಐದು ತಿಂಗಳು ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ. ಆಮೇಲೆ ಲೇಬಲ್ಲನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಸಲಿಯಲ್ಲಿ ಎರಡು ಅಂಕಿ, ಕೆಲವದರಲ್ಲಿ ಜೊತೆಗೊಂದು ಅಕ್ಷರ, ಒತ್ತಿದ ಗುರುತಿನ ಹಾಗೆ ಕಾಣುತ್ತದೆ. ನಕಲಿ ಮಾಡುವವರು ಇದನ್ನೂ ಕಲಿತಿದ್ದಾರೆ, ಆದ್ದರಿಂದ ಇದೊಂದನ್ನೇ ನೆಚ್ಚಬೇಡಿ. ಹತ್ತಿರ ಡಿಎಸ್ ಲೈಟ್ (ಆಮೇಲೆ ಬಂದ ನಿಂಟೆಂಡೊ ಯಂತ್ರ) ಮತ್ತು ಅದರ ಪೊಕೆಮಾನ್ ಡೈಮಂಡ್ ಅಥವಾ ಪರ್ಲ್ ಆಟ ಇದ್ದರೆ ಕೆಳಗಿನ ಸ್ಲಾಟಿಗೆ ಎಮರಾಲ್ಡ್ ಹಾಕಿ ನೋಡಿ. ಅಸಲಿಯಾದರೆ ಡೈಮಂಡಿನ ಮೆನುವಿನಲ್ಲಿ ಸಾಮಾನ್ಯವಾಗಿ ಎಮರಾಲ್ಡ್‌ನಿಂದ ಪೊಕೆಮಾನ್ ತರುವ ಸಾಲು ಬರುತ್ತದೆ. ನಕಲಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಇಷ್ಟೆಲ್ಲಕ್ಕಿಂತ ಮೇಲು, ಬಿಚ್ಚಿದ ಬೋರ್ಡಿನ ಎರಡೂ ಕಡೆಯ ಫೋಟೊ ಕೇಳುವುದು. ಅಸಲಿ ಇಟ್ಟುಕೊಂಡವರಿಗೆ ಅದು ಐದು ನಿಮಿಷದ ಕೆಲಸ ಅಲ್ವಾ?

ಅದೇ ವ್ಯಕ್ತಿಯಿಂದ ನನ್ನ ಗೆಳೆಯ ಜಪಾನಿನ ಸೂಪರ್ ಫ್ಯಾಮಿಕಾಮ್ ತಗೊಂಡಿದ್ದ. ಅದರ ಅಡಾಪ್ಟರ್ ಜಪಾನಿನ 100 ವೋಲ್ಟಿಗೆ ಮಾಡಿದ್ದು. ನಮ್ಮ ಮನೆಗಳಲ್ಲಿ ಬರುವುದು 230. "ಪಿನ್ ಕನ್ವರ್ಟರ್ ಹಾಕಿದ್ರೆ ಸಾಕು" ಅಂದಿದ್ದರಂತೆ. ಸಾಕಾಗಲಿಲ್ಲ, ಅಡಾಪ್ಟರ್ ಸುಟ್ಟು ವಾಸನೆ ಬಂತು. ಪುಣ್ಯಕ್ಕೆ ಕನ್ಸೋಲ್ ಉಳಿಯಿತು. ದಯವಿಟ್ಟು ಪಿನ್ ಹೊಂದಿತು ಅಂತ ಚುಚ್ಚಬೇಡಿ. ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಇಲ್ಲದಿದ್ದರೆ ಇಲ್ಲಿನದೇ 10 ವೋಲ್ಟ್ ಡಿಸಿ ಅಡಾಪ್ಟರ್ ಬೇಕು. ಅದು 850 ಮಿಲಿಆಂಪಿಗೆ ಕಡಿಮೆ ಇರಬಾರದು, ಪಿನ್ನಿನ ನಡುಭಾಗ ನೆಗೆಟಿವ್ ಇರಬೇಕು. ಸಿಕ್ಕಿದ್ದೆಲ್ಲ ಸಾಮಾನ್ಯವಾಗಿ ನಡುವೆ ಪಾಸಿಟಿವ್ ಇರುತ್ತದೆ, ಮೇಲಿನ ಗುರುತು ನೋಡಿಯೇ ತಗೊಳ್ಳಿ.

ಬೋರ್ಡಿನ ಫೋಟೊ ಕಳಿಸಿ ದುಡ್ಡು ವಾಪಸ್ ಕೇಳಿದೆ. "ನಂಗೂ ಹೀಗೇ ಬಂದಿತ್ತು ಸಾರ್, ನಾನೇನು ಮಾಡ್ಲಿ" ಅಂದರು. ಇರಬಹುದು. ಹಾಗಾದರೆ ಒರಿಜಿನಲ್ ಅಂತ ಯಾವ ಧೈರ್ಯದಲ್ಲಿ ಹೇಳಿದಿರಿ ಅಂತ ಕೇಳಿದೆ. ಆಮೇಲೆ ಫೋನ್ ಎತ್ತಿಲ್ಲ.

ಹೋದ ವಾರ ಗೆಳೆಯನ ತಮ್ಮನಿಗೆ ಅವರು ಪೊಕೆಮಾನ್ ಫೈರ್‌ರೆಡ್ ತೋರಿಸಿದ್ದಾರೆ. 4,000 ರೂಪಾಯಿ. ಒರಿಜಿನಲ್ಲು, ಮೊನ್ನೆ ತಾನೇ ಹೊಸ ಬ್ಯಾಟರಿ ಹಾಕಿಸಿದ್ದೀನಿ ಅಂದರಂತೆ. ಆ ಹುಡುಗ ದುಡ್ಡು ಕಳಿಸುವ ಮೊದಲು ನನಗೆ ಫೋನ್ ಮಾಡಿದ. ಫೈರ್‌ರೆಡ್‌ನಲ್ಲಿ ಗಡಿಯಾರ ಇಲ್ಲ, ಅಸಲಿ ಕ್ಯಾಸೆಟ್ಟಿನಲ್ಲಿ ಬ್ಯಾಟರಿಯೇ ಇರುವುದಿಲ್ಲ ಅಂತ ಹೇಳಿದೆ. ಬೋರ್ಡಿನ ಫೋಟೊ ಕೇಳು ಅಂದೆ. ಕೇಳಿದ್ದಾನೆ, ಇನ್ನೂ ಬಂದಿಲ್ಲ.