ಮಸೀದಿ ಬಂದರಿನ ಇಂಗಿನ ಅಂಗಡಿ: ಮಾಲು ಅಪ್ಪಟ, ಊರು ಯುದ್ಧದ್ದು

ಮುಂಬೈಯಲ್ಲಿ ಒಳ್ಳೆ ಇಂಗು ಬೇಕಾದರೆ ಮಸೀದಿ ಬಂದರಿಗೆ ಹೋಗಿ. ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಡ್ರೈಫ್ರೂಟ್ ಅಂಗಡಿಗಳ ಗಲ್ಲಿ ಹಿಡಿದರೆ ಸಾಕು, ಆಮೇಲೆ ಮೂಗೇ ದಾರಿ ತೋರಿಸುತ್ತದೆ. ನಾನು ಡೊಂಬಿವಿಲಿಯಲ್ಲಿ ಮನೆಯಲ್ಲೇ ಸಾರಿನ ಪುಡಿ, ಉಪ್ಪಿನಕಾಯಿ ಮಾಡಿ ಕನ್ನಡದವರ ಮನೆಗಳಿಗೆ ಕೊಡುತ್ತೇನೆ. ಇಂಗು ತೆಂಗು ಇದ್ದರೆ ಮಂಗಮ್ಮನೂ ಅಡುಗೆ ಮಾಡ್ತಾಳೆ ಅಂತಾರಲ್ಲ, ನನ್ನ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ನಾನು ಹೋಗುವ ಅಂಗಡಿ ತುಂಬಾ ಇಕ್ಕಟ್ಟು. ನಿಂತೇ ತಗೋಬೇಕು, ಹಮಾಲರ ಕೈಗಾಡಿ ಬಂದಾಗ ಪಕ್ಕಕ್ಕೆ ಸರಿಯಬೇಕು. ಆದರೆ ಗಲ್ಲಾದಲ್ಲಿ ಕೂತ ಗುಜರಾತಿ ಕಾಕಾ ಮಾಲು ತೋರಿಸುವ ರೀತಿ ನೋಡಬೇಕು. ಗಟ್ಟಿ ಇಂಗಿನಿಂದ ಅಡಕತ್ತರಿಯಲ್ಲಿ ಒಂದು ಚೂರು ಕತ್ತರಿಸಿ, ಗಾಜಿನ ಲೋಟದ ನೀರಿಗೆ ಹಾಕಿ ಬೆರಳಲ್ಲಿ ತಿಕ್ಕುತ್ತಾರೆ. ನೀರು ಹಾಲುಬಣ್ಣಕ್ಕೆ ತಿರುಗುತ್ತದೆ. ತಳದಲ್ಲಿ ಮಣ್ಣು, ಮರಳು ಏನೂ ಉಳಿಯುವುದಿಲ್ಲ. ಅದು ಕಾಬೂಲಿ ಬಿಳಿ ಇಂಗು, ಸಾರಿಗೆ ಚೂರೇ ಚೂರು ಸಾಕು. ಕೆಂಪು ಇಂಗಿನ ಘಾಟು ಜಾಸ್ತಿ, ಉಪ್ಪಿನಕಾಯಿಗೆ ನಾನು ಒಯ್ಯುವುದು ಅದನ್ನೇ.

ರೇಟು ಯಾಕೆ ಏರಿತು ಅಂತ ಕೇಳಿದರೆ ಕಾಕಾ ಮುಖ ಸಿಂಡರಿಸುವುದಿಲ್ಲ, ಮಾಲು ಬರುವ ಊರಿನ ಸುದ್ದಿ ಹೇಳುತ್ತಾರೆ. ಇಂಗಿನ ಗಿಡ ಅಫ್ಘಾನಿಸ್ತಾನದ ಒಣಗುಡ್ಡಗಳಲ್ಲಿ ತಾನಾಗೇ ಬೆಳೆಯುವಂಥದ್ದು. ಬೇರು ದಪ್ಪವಾಗಲು ನಾಲ್ಕೈದು ವರ್ಷ ಬೇಕು. ಆಮೇಲೆ ಬೇರಿನ ತಲೆ ಕೊಯ್ದು, ಒಸರಿದ ಹಾಲು ಗಟ್ಟಿಯಾದಾಗ ಕೆರೆದು ತೆಗೆಯುತ್ತಾರೆ. 1979ರಲ್ಲಿ ಸೋವಿಯತ್ ಸೈನ್ಯ ನುಗ್ಗಿದ ಮೇಲೆ ಆ ದೇಶ ದಶಕಗಟ್ಟಲೆ ಯುದ್ಧ ಕಂಡಿತು. ನೆಲದಲ್ಲಿ ಹೂತಿಟ್ಟ ಸಿಡಿಗುಂಡು ಇನ್ನೂ ಇವೆ. 2021ರ ಆಗಸ್ಟಿನಲ್ಲಿ ತಾಲಿಬಾನ್ ಕಾಬೂಲ್ ಹಿಡಿದಾಗ ಪಾಕಿಸ್ತಾನದ ದಾರಿಯಾಗಿ ಬರುತ್ತಿದ್ದ ಮಾಲು ನಿಂತೇ ಹೋಗಿತ್ತು.

ಅದೇ ಅಫ್ಘಾನಿಸ್ತಾನದ ಪಿಸ್ತಾದ ಕಥೆ ಕೇಳಿದರೆ ಕರುಳು ಚುರ್ ಅನ್ನುತ್ತದೆ. ವಿಶ್ವಸಂಸ್ಥೆಯ ಪರಿಸರ ವಿಭಾಗ 2003ರಲ್ಲಿ ಕೊಟ್ಟ ವರದಿಯ ಪ್ರಕಾರ, 1977ರಲ್ಲಿ ಬಾದ್‌ಗೀಸ್ ಪ್ರಾಂತ್ಯದ ಶೇ 55ರಷ್ಟು ನೆಲದಲ್ಲಿ ಕಾಡಿತ್ತು, ಪಿಸ್ತಾ ಮರದ ಕಾಡು. 2002ರಲ್ಲಿ ಉಪಗ್ರಹದ ಚಿತ್ರದಲ್ಲಿ ಹುಡುಕಿದರೂ ಅದು ಕಾಣಲಿಲ್ಲ. ಕಾಯುವವರಿಲ್ಲ, ಚಳಿಗೆ ಬೇರೆ ಸೌದೆಯಿಲ್ಲ. ಜನ ಇನ್ನೇನು ಮಾಡಿಯಾರು?

ಇನ್ನು ಬಂಧಾನಿ ಇಂಗು. ನಾವೆಲ್ಲ ಮನೆಯಲ್ಲಿ ಬಳಸುವ ಡಬ್ಬಿಯದ್ದು. ಅದರಲ್ಲಿ ಇಂಗಿನ ಜೊತೆ ಹಿಟ್ಟು, ಅರೇಬಿಕ್ ಗೋಂದು ಸೇರಿರುತ್ತದೆ. ಜಗತ್ತಿನ ಅರೇಬಿಕ್ ಗೋಂದಿನಲ್ಲಿ ಬಹುಪಾಲು ಸುಡಾನಿನದು, ಕೊರ್ಡೋಫಾನ್, ಡಾರ್ಫರ್ ಕಡೆಯ ಜಾಲಿಮರಗಳದ್ದು. 2023ರ ಏಪ್ರಿಲ್ 15ರಿಂದ ಅಲ್ಲಿ ಸೈನ್ಯಕ್ಕೂ ಆರ್‌ಎಸ್‌ಎಫ್ ಅನ್ನುವ ಅರೆಸೈನಿಕ ಪಡೆಗೂ ಯುದ್ಧ. ಮರಕ್ಕೆ ಗಾಯ ಮಾಡಿ ಗೋಂದು ತೆಗೆಯುವವರು ಊರು ಬಿಟ್ಟರು. ಉಳಿದ ಮಾಲು ಸಾಗಬೇಕಾದರೆ ದಾರಿಯಲ್ಲಿ ಬಂದೂಕು ಹಿಡಿದವರಿಗೆ ಕಾಸು ಕೊಡಬೇಕು, ಇಲ್ಲವೇ ಕದ್ದುಮುಚ್ಚಿ ಪಕ್ಕದ ದೇಶಕ್ಕೆ ದಾಟಿಸಬೇಕು. ಮರಳು ಹೊಲಕ್ಕೆ ನುಗ್ಗದಂತೆ ತಡೆಯುವುದೂ ಇದೇ ಮರ. ಅದು ಹೋದರೆ ಯುದ್ಧ ನಿಂತ ಮೇಲೂ ರೈತ ಎಲ್ಲಿಗೆ ವಾಪಸ್ ಬರಬೇಕು ಹೇಳಿ? ನನ್ನ ಚಿಟಿಕೆ ಇಂಗಿನ ದುಡ್ಡು ಆ ಬಂದೂಕಿನವನ ಕೈಗೂ ಹೋಗುತ್ತಿದೆಯಾ ಅನ್ನುವ ಸಂಕಟ ನನಗಿದೆ. ಕಾಕಾನನ್ನೇ ಕೇಳಿದೆ. ಗೋಂದು ಯಾವ ಕೈ ದಾಟಿ ಬರುತ್ತೋ ತಮಗೂ ತಿಳಿಯುವುದಿಲ್ಲ ಅಂತ ನೇರವಾಗಿ ಹೇಳಿದರು. ಸುಮ್ನೆ ಸಮಾಧಾನದ ಮಾತು ಆಡಲಿಲ್ಲ. ಈ ಅಂಗಡಿಗೆ ನಾನು ಐದಕ್ಕೆ ನಾಲ್ಕೂವರೆ ಅಂಕ ಕೊಡುವುದು ಅದಕ್ಕೇ.

2020ರ ಅಕ್ಟೋಬರಿನಲ್ಲಿ ಹಿಮಾಚಲದ ಲಾಹೌಲ್‌ನಲ್ಲಿ ನಮ್ಮ ವಿಜ್ಞಾನಿಗಳು ಇಂಗಿನ ಸಸಿ ನೆಡಿಸಿದ್ದಾರೆ. ಆ ಮಾಲು ಈ ಅಂಗಡಿಗೆ ಇನ್ನೂ ಬಂದಿಲ್ಲ.

ಭಾನುವಾರ ರಜೆ. ಚೌಕಾಸಿ ಮಾಡಬೇಡಿ. ಹೊಸಬರು 50 ಗ್ರಾಂ ಗಟ್ಟಿ ಇಂಗು ತಗೊಂಡು ನೋಡಿ, ಹೋಗುವಾಗ ಸ್ಟೀಲ್ ಡಬ್ಬಿ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ಲೋಕಲ್ ಟ್ರೇನಿನ ಇಡೀ ಬೋಗಿಗೆ ಗೊತ್ತಾಗುತ್ತದೆ.