ಮಳೆ ಲೆಕ್ಕದ ಪ್ರೋಗ್ರಾಮಿಗೆ ಕ್ಲ್ಯಾಂಗ್‌ನ ಥಿನ್ ಎಲ್‌ಟಿಒ: ಐದಕ್ಕೆ ನಾಲ್ಕು

ನಮ್ಮ ಸೋಮವಾರಪೇಟೆ ಕಡೆ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಆ ಹಳೇ ಪುಸ್ತಕಗಳ ಲೆಕ್ಕವನ್ನು ಮಿಲಿಮೀಟರಿಗೆ ತಂದು, ಯಾವ ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವಾಗ ಬಿತ್ತು ಎಂದು ಹುಡುಕುವ ಸಿ ಪ್ಲಸ್ ಪ್ಲಸ್ ಪ್ರೋಗ್ರಾಮ್ ನನ್ನದು. ಎಷ್ಟು ಸೆಂಟು ಬಿದ್ದರೆ ಹೂಮಳೆ ಎನ್ನಬೇಕು? ಆ ಗಡಿಯನ್ನು ಬದಲಿಸುತ್ತಾ ಪುಸ್ತಕದ ಅದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುತ್ತದೆ.

ಸೆಂಟನ್ನು 0.254ರಿಂದ ಗುಣಿಸುವ ಪುಟ್ಟ ಫಂಕ್ಷನ್ ಒಂದು ಫೈಲಿನಲ್ಲಿದೆ. ಅದನ್ನು ಕರೆಯುವ ಲೂಪ್ ಇನ್ನೊಂದರಲ್ಲಿ. ಸೋರ್ಸನ್ನು ಮೆಷಿನ್ ಕೋಡಿಗೆ ತರುವ ಕ್ಲ್ಯಾಂಗ್‌ನಂಥ ಕಂಪೈಲರ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಫೈಲ್ ನೋಡುತ್ತದೆ. ಹಾಗಾಗಿ ಪ್ರತಿ ಸಾಲಿಗೂ ಒಂದು ಕಾಲ್, ಬರೀ ಒಂದು ಗುಣಾಕಾರಕ್ಕೆ! ಎಲ್‌ಟಿಒ ಅಂದರೆ ಲಿಂಕ್ ಟೈಮ್ ಆಪ್ಟಿಮೈಸೇಶನ್, ಲಿಂಕ್ ಮಾಡುವಾಗ ಫೈಲುಗಳನ್ನು ಒಟ್ಟಾಗಿ ನೋಡಿ ಚುರುಕುಗೊಳಿಸುವುದು. ಇದನ್ನು ಹಾಕಿದರೆ ಆಬ್ಜೆಕ್ಟ್ ಫೈಲಿನಲ್ಲಿ ಮೆಷಿನ್ ಕೋಡ್ ಬದಲು ಬಿಟ್‌ಕೋಡ್ (ಕಂಪೈಲರಿನ ನಡುಹಂತದ ರೂಪ) ಇರುತ್ತದೆ. ಲಿಂಕ್ ಮಾಡುವಾಗ, ಅಂದರೆ ಎಲ್ಲವನ್ನೂ ಒಂದು ಪ್ರೋಗ್ರಾಮಾಗಿ ಜೋಡಿಸುವಾಗ, ಫೈಲುಗಳ ನಡುವಿನ ಗೋಡೆ ಹೋಗುತ್ತದೆ. ಫಂಕ್ಷನ್ ನೇರ ಲೂಪಿನೊಳಗೆ ಬಂದು ಕೂರುತ್ತದೆ. ಆಮೇಲೆ ಹಲವು ಸಾಲುಗಳನ್ನು ಒಟ್ಟಿಗೆ ಗುಣಿಸುವ ದಾರಿಯೂ ತೆರೆಯುತ್ತದೆ. ನನ್ನ ಪ್ರೋಗ್ರಾಮಿನಲ್ಲಿ ವೇಗ ಬಂದದ್ದು ಈ ಲೂಪಿನಲ್ಲೇ. ಡಿಸ್ಕ್‌ನಿಂದ ಫೈಲ್ ಓದುವ ಭಾಗದಲ್ಲಿ ಏನೂ ಬದಲಾಗಲಿಲ್ಲ. ಅಲ್ಲಿ ಕಾಯುವುದು ಡಿಸ್ಕ್‌ಗಾಗಿ, ಅಲ್ವಾ? ಫಂಕ್ಷನ್ನನ್ನು ಮೊದಲೇ ಹೆಡರಿನಲ್ಲಿ ಇಟ್ಟಿರುವವರಿಗೂ ಇಷ್ಟು ಲಾಭ ಸಿಗದು.

ಇನ್ನೊಂದು ಕಂಪೈಲರ್ ಜಿಸಿಸಿಗೆ ಎಲ್‌ಟಿಒ 2010ರಲ್ಲೇ ಬಂತು. ಕ್ಲ್ಯಾಂಗ್‌ನ ಪೂರ್ತಿ ಎಲ್‌ಟಿಒ ಎಲ್ಲವನ್ನೂ ಒಂದೇ ಮಾಡ್ಯೂಲಿಗೆ ಸುರಿಯುತ್ತದೆ. ದೊಡ್ಡ ಪ್ರಾಜೆಕ್ಟ್ ಆದರೆ ರ‍್ಯಾಮ್ ಸಾಲದು. 2016ರಲ್ಲಿ ಕ್ಲ್ಯಾಂಗ್‌ನ ತಳಹದಿಯಾದ ಎಲ್‌ಎಲ್‌ವಿಎಂ 3.9ರ ಜೊತೆ ಬಂದ ಥಿನ್ ಎಲ್‌ಟಿಒ ಪ್ರತಿ ಫೈಲಿನ ಸಾರಾಂಶ ಇಟ್ಟುಕೊಂಡು, ಬೇಕಾದ ಫಂಕ್ಷನ್ನುಗಳನ್ನಷ್ಟೇ ಎಳೆದುಕೊಂಡು, ಎಲ್ಲ ಕೋರ್‌ಗಳಲ್ಲಿ ಒಟ್ಟಿಗೆ ಕೆಲಸ ಮಾಡುತ್ತದೆ. ಮಾಮೂಲಿ ಲ್ಯಾಪ್‌ಟಾಪಿಗೆ ಇದೇ ಸರಿ. ಕ್ಯಾಶ್ ಫೋಲ್ಡರ್ ಕೊಟ್ಟರೆ ಮುಂದಿನ ಸಲ ಬದಲಾದ ಫೈಲುಗಳನ್ನೂ ಅವುಗಳಿಂದ ಫಂಕ್ಷನ್ ಎಳೆದುಕೊಂಡವನ್ನೂ ಮಾತ್ರ ಮತ್ತೆ ಮಾಡುತ್ತದೆ. ಆಟಿ ಮಳೆಯಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುವಾಗ ಇದು ದೊಡ್ಡ ಉಪಕಾರ.

ಆದರೂ ದಿನದ ಕೆಲಸಕ್ಕೆ ನಾನು ಇದನ್ನು ಹಾಕುವುದಿಲ್ಲ. ಲಿಂಕ್‌ಗೆ ಸಮಯ ಜಾಸ್ತಿ. ಡಿಬಗ್ಗರಿನಲ್ಲಿ ಸಾಲುಗಳು ಹಿಂದೆ ಮುಂದೆ ಜಿಗಿಯುತ್ತವೆ. ರಿಲೀಸಿಗೆ ಮಾತ್ರ ಹಾಕುತ್ತೇನೆ.

ಒಂದು ಅಂಕ ಕಳೆದದ್ದು ಸ್ಟ್ಯಾಟಿಕ್ ಲೈಬ್ರರಿ (ಆಬ್ಜೆಕ್ಟ್ ಫೈಲುಗಳ ಕಟ್ಟು) ವಿಷಯಕ್ಕೆ. ಅದನ್ನು ಕಟ್ಟಲು ಮಾಮೂಲಿ ಎಆರ್ ಬದಲು ಎಲ್‌ಎಲ್‌ವಿಎಂ ಎಆರ್ ಬಳಸಿ, ಇಲ್ಲದಿದ್ದರೆ ಲಿಂಕರ್ ತಕರಾರು ತೆಗೆಯಬಹುದು. ಥಿನ್ ಎಲ್‌ಟಿಒ ಫ್ಲ್ಯಾಗನ್ನು (-flto=thin) ಕಂಪೈಲಿಗೂ ಲಿಂಕಿಗೂ ಎರಡೂ ಕಡೆ ಕೊಡಿ. ಬೇರೆಯವರು ಮೆಷಿನ್ ಕೋಡ್ ಮಾಡಿ ಕೊಟ್ಟ ಲೈಬ್ರರಿಯ ಒಳಗೆ ಮಾತ್ರ ಎಲ್‌ಟಿಒ ಕೈ ಹಾಕಲಾರದು. ಸೋರ್ಸ್ ಸಿಗುವಂತಿದ್ದರೆ ಅದನ್ನೂ ನೀವೇ ಬಿಲ್ಡ್ ಮಾಡಿಕೊಳ್ಳಿ.